ಪಾರ್ಶ್ವವಾಯುವಿನ ತರುವಾಯ ಮನಸ್ಸಿನ ಆರೈಕೆ

ಬಾದಾಮಿಯ ಗುಡ್ಡಗಳನ್ನು ದಾಟಿ ಹೋದರೆ ಮಹಾಕೂಟ ಸಿಕ್ಕುವುದು. ಚಾಲುಕ್ಯರ ಕಾಲದ ಗುಡಿಗಳ ನಡುವೆ ಊಟೆಯ ನೀರಿನಿಂದ ತುಂಬಿಕೊಂಡಿರುವ ವಿಷ್ಣುಪುಷ್ಕರಿಣಿ. ಅದಕ್ಕೆ ಇಳಿಯಲು ಕಲ್ಲಿನ ಮೆಟ್ಟಿಲುಗಳು. ಸುತ್ತಣ ಬಾದಾಮಿ, ಗುಳೇದಗುಡ್ಡ, ಹುನಗುಂದ, ಇಳಕಲ್ಲುಗಳ ಜನರು ಇಲ್ಲಿಗೆ ಬಂದು ಮಿಂದು, ದೇವರಿಗೆ ಕೈಮುಗಿದು, ಬುತ್ತಿ ಬಿಚ್ಚಿ ಉಂಡು ಹೋಗುತ್ತಾರೆ. ಕೈಕಾಲು ಗಟ್ಟಿಯಾಗಿರುವವರು ಆ ಮೆಟ್ಟಿಲುಗಳನ್ನು ಲೆಕ್ಕಿಸುವುದೇ ಇಲ್ಲ. ಪಾರ್ಶ್ವವಾಯುವಿಗೆ ಸಿಕ್ಕಿ, ಸಾಮಾನ್ಯರು ಹೇಳುವಂತೆ ಲಕ್ವಾ ಹೊಡೆದು, ಅರ್ಧ ಮೈ ಸೋತವನಿಗಾದರೋ ಒಂದೊಂದು ಮೆಟ್ಟಿಲೂ ಒಂದೊಂದು ಪರೀಕ್ಷೆ. ಅವನ ಕೈಕಾಲಿನ ಚಿಕಿತ್ಸೆಯನ್ನು ಕುರಿತು ಎಲ್ಲರೂ ಮಾತನಾಡುತ್ತಾರೆ. ಕಾಲು ತಕ್ಕಮಟ್ಟಿಗೆ ಬಂದಿದ್ದರೂ ಇಳಿಯುವ ಮನಸ್ಸಿಲ್ಲದೆ ಮೇಲೆಯೇ ಕುಳಿತುಬಿಡುವ ಸ್ಥಿತಿಯೊಂದುಂಟು. ಅದನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದು ನಾವು ಬಯಸುತ್ತೇವೆ.

ವಿಷಯವು ಸ್ಪಷ್ಟವಾಗಲೆಂದು ಗುಳೇದಗುಡ್ಡದ ಒಬ್ಬ ನೇಕಾರನನ್ನು ಭಾವಿಸಿಕೊಳ್ಳೋಣ. ಇವನು ನಿಜವಾದ ವ್ಯಕ್ತಿಯಲ್ಲ. ಹಲವರಿಗೆ ಒದಗುವ ಅನುಭವವನ್ನು ಒಬ್ಬನಲ್ಲಿ ಕೂಡಿಸಿದ ದೃಷ್ಟಾಂತ ಮಾತ್ರ. ವಯಸ್ಸು ೫೬. ಚಿಕ್ಕಂದಿನಿಂದ ಕುಣಿಮಗ್ಗದಲ್ಲಿ ಕುಳಿತು ಖಣ ನೇಯ್ದವನು. ಒಂದು ದಿನ ಬೆಳಗಿನ ಜಾವದಲ್ಲಿ ಬಲಗೈ ಬಲಗಾಲುಗಳು ಬಿದ್ದುಹೋದವು, ಮಾತು ತೊದಲಿತು. ಆಸ್ಪತ್ರೆಯಲ್ಲಿ ಪ್ರಾಣ ಉಳಿಯಿತು. ಮನೆಗೆ ಬಂದ ಮೊದಲನೆಯ ತಿಂಗಳು ಹೇಳಿಕೊಟ್ಟ ವ್ಯಾಯಾಮವನ್ನು ಹಟದಿಂದ ಮಾಡಿದನು. ಕೋಲೂರಿ ಅಂಗಳದವರೆಗೆ ನಡೆದನು. ಮೂರನೆಯ ತಿಂಗಳಿಗೆ ಎಲ್ಲವೂ ನಿಂತಿತು. "ಯಾಕ್ರೀ, ಇವತ್ತೂ ಕೈ ಆಡಸಲಿಲ್ಲಲ್ಲ?" ಎಂದು ಹೆಂಡತಿ ಕೇಳಿದರೆ, "ಏನ್ ಮಾಡೂದೈತಿ, ಬಿಡು" ಎಂದು ಗೋಡೆಯ ಕಡೆಗೆ ಮುಖ ತಿರುಗಿಸುವನು. ಊಟ ಅರ್ಧಕ್ಕೆ ಬಿಡುವನು. ನಸುಕಿನ ಮೂರು ಗಂಟೆಗೇ ಎಚ್ಚರವಾಗಿ ಸೂರು ನೋಡುತ್ತಿರುವನು. ಪಕ್ಕದ ಕೋಣೆಯಲ್ಲಿ ಮಗನ ಮಗ್ಗದ ಸದ್ದು ಕೇಳಿಸಿದರೆ ಬಾಗಿಲು ಮುಚ್ಚೆಂದು ಸನ್ನೆ ಮಾಡುವನು.

ಇದನ್ನು ಕಂಡು ಮನೆಯವರು ಮೂರು ಬಗೆಯ ಮಾತನ್ನಾಡುವುದುಂಟು. "ಅಪ್ಪ ಹಟಾ ಹಿಡದಾನ" ಎಂದು ಮಗನು ಹೇಳುತ್ತಾನೆ. "ಧೈರ್ಯಾ ತಗೋಬೇಕ ಕಾಕಾ, ಹಿಂಗ ಕುಂತ್ರ ಹ್ಯಾಂಗ?" ಎಂದು ನೆರೆಯವನು ಬುದ್ಧಿ ಹೇಳುತ್ತಾನೆ. "ಇಂಥಾ ಕಷ್ಟ ಬಂದಮ್ಯಾಲೆ ಯಾರಿಗಿ ದುಃಖ ಆಗೂದಿಲ್ಲ?" ಎಂದು ಹೆಂಡತಿ ಸಮಾಧಾನ ತಂದುಕೊಳ್ಳುತ್ತಾಳೆ. ಮೊದಲನೆಯದು ಅನ್ಯಾಯ, ಎರಡನೆಯದು ನಿಷ್ಫಲ, ಮೂರನೆಯದು ಕೇಳುವುದಕ್ಕೆ ನ್ಯಾಯವಾಗಿ ತೋರಿದರೂ ಮೂರರಲ್ಲಿಯೂ ಹೆಚ್ಚು ಅಪಾಯಕರವಾದದ್ದು. ಏಕೆಂದರೆ, ಸಹಜವಾದ ದುಃಖವೆಂದು ಭಾವಿಸಿದಮೇಲೆ ಅದಕ್ಕೆ ಮದ್ದನ್ನು ಹುಡುಕುವವರಾರು? ಈ ಮನುಷ್ಯನಿಗೆ ಬಂದಿರುವುದು ಖಿನ್ನತೆಯೆಂಬ ಎರಡನೆಯ ರೋಗ. ಅದಕ್ಕೆ ಲಕ್ಷಣಗಳುಂಟು, ಕಾರಣಗಳುಂಟು, ಚಿಕಿತ್ಸೆಯೂ ಉಂಟು.

ಮಿದುಳಿನ ರಕ್ತನಾಳವು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋದಾಗಲಾಗಲಿ, ಒಡೆದು ರಕ್ತ ಸುರಿದಾಗಲಾಗಲಿ ಪಾರ್ಶ್ವವಾಯು ಉಂಟಾಗುವುದೆಂಬುದು ಈಗ ಬಹುಜನಕ್ಕೆ ತಿಳಿದಿದೆ. ಅದರಿಂದ ಬದುಕಿ ಉಳಿದವರಲ್ಲಿ ಸುಮಾರು ಮೂವರಿಗೊಬ್ಬರು ಮುಂದಿನ ಐದು ವರ್ಷಗಳೊಳಗೆ ಯಾವಾಗಲಾದರೂ ಖಿನ್ನತೆಗೆ ಗುರಿಯಾಗುತ್ತಾರೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳುತ್ತಾರೆ. ಮೊದಲನೆಯ ವರ್ಷದಲ್ಲಿ, ಅದರಲ್ಲಿಯೂ ಮೊದಲ ಕೆಲವು ತಿಂಗಳುಗಳಲ್ಲಿ, ಈ ಭಯ ಹೆಚ್ಚು. ಹಿಂದೆ ಖಿನ್ನತೆಯನ್ನು ಅನುಭವಿಸಿದ್ದವರು, ಅಂಗವೈಕಲ್ಯವು ಬಲವಾಗಿ ಉಳಿದವರು, ಮಾತು ಕಳೆದುಕೊಂಡವರು, ನೋಡಿಕೊಳ್ಳುವ ಜನರಿಲ್ಲದವರು, ಇವರಲ್ಲಿ ವಿಶೇಷವಾದ ಎಚ್ಚರಿಕೆ ಬೇಕು.

ರೋಗವನ್ನು ಬೆಳೆಸುವ ವಸ್ತುಗಳಲ್ಲಿ ವಿಷಾದವೇ ಮುಂದಾದದ್ದೆಂದು ಚರಕಸಂಹಿತೆಯು ಎಣಿಸಿದೆ. ಈ ಕಾಲದ ವೈದ್ಯರ ಅನುಭವವೂ ಇದಕ್ಕೆ ಹೊಂದಿಕೊಳ್ಳುತ್ತದೆ. ಸತ್ತುಬಿದ್ದಂತಿರುವ ಕೈಗೆ ಚಲನೆ ಮರಳಬೇಕಾದರೆ ದಿನಂಪ್ರತಿ ನೂರಾರು ಸಲ ಅದನ್ನು ಪ್ರಯತ್ನದಿಂದ ಆಡಿಸಬೇಕು. ಮಿದುಳು ಹೊಸ ದಾರಿಗಳನ್ನು ಕಲಿಯುವುದಕ್ಕೆ ಮೊದಲ ತಿಂಗಳುಗಳು ಬಹಳ ಬೆಲೆಯುಳ್ಳವು. ಖಿನ್ನತೆಯೂ ಸರಿಯಾಗಿ ಆ ತಿಂಗಳುಗಳಲ್ಲಿಯೇ ಬಂದು ಕೂಡುತ್ತದೆ. ಖಿನ್ನನಾದವನು ವ್ಯಾಯಾಮವನ್ನು ಬಿಡುತ್ತಾನೆ. ಅದರಿಂದ ಕೈ ಮರಗಟ್ಟುತ್ತದೆ. ಮರಗಟ್ಟಿದ ಕೈಯನ್ನು ನೋಡಿ ಇನ್ನಷ್ಟು ಖಿನ್ನನಾಗುತ್ತಾನೆ. ಅಷ್ಟೇ ಅಲ್ಲದೆ, "ಯಾಕ ಬೇಕು ಈ ಗುಳಿಗಿ" ಎಂದು ರಕ್ತದೊತ್ತಡದ ಮಾತ್ರೆಯನ್ನೂ ನಿಲ್ಲಿಸಿದನೆಂದರೆ ಎರಡನೆಯ ಆಘಾತಕ್ಕೆ ಬಾಗಿಲು ತೆರೆದಂತಾಯಿತು. ಖಿನ್ನತೆಯುಳ್ಳ ರೋಗಿಗಳು ನಿಧಾನವಾಗಿ ಚೇತರಿಸಿಕೊಳ್ಳುವರೆಂದೂ ಅವರಲ್ಲಿ ಮರಣವು ಹೆಚ್ಚೆಂದೂ ಕಂಡುಬಂದಿದೆ. ಆದುದರಿಂದ ಮನಸ್ಸಿನ ಆರೈಕೆಯನ್ನು ಕೈಕಾಲು ಸರಿಹೋದಮೇಲೆ ನೋಡಿಕೊಳ್ಳೋಣವೆಂದು ಮುಂದಕ್ಕೆ ಹಾಕುವುದು ಸಲ್ಲದು.

ಈ ಖಿನ್ನತೆಗೆ ಕಾರಣವೇನು? ಅಮೆರಿಕೆಯ ರಾಬರ್ಟ್ ರಾಬಿನ್‌ಸನ್ ಮೊದಲಾದವರು ಮಿದುಳಿನ ಎಡಭಾಗದ ಮುಂಗಡೆಯಲ್ಲಿ ಪೆಟ್ಟು ಬಿದ್ದರೆ ಖಿನ್ನತೆಯುಂಟಾಗುವುದು ಹೆಚ್ಚೆಂದು ಪ್ರತಿಪಾದಿಸಿದ್ದರು. ಆಮೇಲೆ ನಡೆದ ಅಧ್ಯಯನಗಳನ್ನೆಲ್ಲ ೨೦೦೦ದಲ್ಲಿ ಒಟ್ಟಿಗೆ ತೂಗಿ ನೋಡಿದಾಗ ಆ ನಿಯಮವು ನಿಲ್ಲಲಿಲ್ಲ. ಪೆಟ್ಟು ಎಲ್ಲಿ ಬಿದ್ದರೂ ಖಿನ್ನತೆ ಬರಬಹುದು. ಮಿದುಳಿನ ರಾಸಾಯನಿಕ ವ್ಯವಸ್ಥೆಯಲ್ಲಿ ಆಗುವ ವ್ಯತ್ಯಾಸವೊಂದು, ಬದುಕಿನಲ್ಲಿ ಆದ ನಷ್ಟವೊಂದು, ಎರಡೂ ಕೂಡಿ ಅದನ್ನು ತರುತ್ತವೆ. ನಮ್ಮ ನೇಕಾರನ ನಷ್ಟವನ್ನೇ ನೋಡಿರಿ. ಕುಣಿಮಗ್ಗಕ್ಕೆ ಕಾಲು ಬೇಕು, ಲಾಳಿ ಓಡಿಸಲು ಒಂದು ಕೈ ಬೇಕು, ಹೊಡೆತ ಕೊಡಲು ಇನ್ನೊಂದು ಕೈ ಬೇಕು. ಅರ್ಧ ಮೈ ಹೋಯಿತೆಂದರೆ ಅವನ ಕಸಬು ಪೂರ್ತಿ ಹೋಯಿತು. ಕಸಬಿನೊಡನೆ ಸಂಪಾದನೆ, ಅದರೊಡನೆ ಮನೆಯ ಯಜಮಾನಿಕೆ, ಅದರೊಡನೆ ನಾಲ್ವರ ಮುಂದೆ ಕೂಡುವ ಗೌರವ. ಮೈ ತೊಳೆಯುವುದಕ್ಕೂ ಸೊಸೆಯ ಮುಖ ನೋಡಬೇಕಾದವನ ನಾಚಿಕೆಯನ್ನು ನಾವು ಹೊರಗಿನವರು ಸುಲಭವಾಗಿ ಅಳೆಯಲಾರೆವು.

ಇನ್ನು ಲಕ್ಷಣಗಳು. ಎರಡು ವಾರಗಳಿಗೆ ಕಡಮೆಯಿಲ್ಲದಂತೆ, ಹೆಚ್ಚುಕಡಮೆ ದಿನವೆಲ್ಲಾ ಮನಸ್ಸು ಕುಗ್ಗಿರುವುದು, ಇಲ್ಲವೆ ಮೊದಲು ಪ್ರಿಯವಾಗಿದ್ದ ಯಾವುದರಲ್ಲಿಯೂ ರುಚಿ ಹುಟ್ಟದಿರುವುದು, ಇವೆರಡು ಮುಖ್ಯವಾದವು. ಇವುಗಳ ಜೊತೆಗೆ ನಿದ್ರೆ ಕೆಡುವುದು, ಹಸಿವು ಅಡಗುವುದು, ಆಯಾಸ, ಏಕಾಗ್ರತೆಯಿಲ್ಲದಿರುವುದು, "ನಾನು ಎಲ್ಲರಿಗೂ ಹೊರೆ" ಎಂಬ ಭಾವನೆ, ಸಾವಿನ ಯೋಚನೆ ಕೂಡಿಕೊಳ್ಳುತ್ತವೆ. ಆಯಾಸ, ನಿದ್ರಾಭಂಗಗಳು ಪಾರ್ಶ್ವವಾಯುವಿನಿಂದಲೇ ಬರುವುದೂ ಉಂಟಾದುದರಿಂದ ಅಷ್ಟನ್ನೇ ನೋಡಿ ನಿರ್ಣಯಿಸಲಾಗದು. ರುಚಿ ಹೋಗಿದೆಯೇ, ಆಸೆ ಬತ್ತಿದೆಯೇ ಎಂಬುದನ್ನೇ ಮೊದಲು ವಿಚಾರಿಸಬೇಕು. ಮೊಮ್ಮಗ ಬಂದು ತೊಡೆಯ ಮೇಲೆ ಕುಳಿತರೂ ಮುಖ ಅರಳದಿದ್ದರೆ ಅದು ಗಮನಿಸತಕ್ಕ ಸಂಗತಿ.

ಖಿನ್ನತೆಯಂತೆಯೇ ಕಾಣುವ ಬೇರೆ ಸ್ಥಿತಿಗಳೂ ಇವೆ. ಕೆಲವರು ಕ್ಷುಲ್ಲಕ ಕಾರಣಕ್ಕೆ ಥಟ್ಟನೆ ಅಳತೊಡಗುತ್ತಾರೆ, ಇಲ್ಲವೆ ನಗಬಾರದ ಕಡೆ ನಗುತ್ತಾರೆ. ಕ್ಷಣದಲ್ಲಿ ಅದು ನಿಲ್ಲುತ್ತದೆ. ಭಾವನೆಯನ್ನು ಹಿಡಿತದಲ್ಲಿಡುವ ಮಿದುಳಿನ ಏರ್ಪಾಡು ಸಡಿಲವಾದದ್ದೇ ಇದಕ್ಕೆ ಕಾರಣ. ಒಳಗೆ ಅಷ್ಟು ದುಃಖವಿರಬೇಕೆಂದೇನೂ ಇಲ್ಲ. "ಅಳಬ್ಯಾಡ" ಎಂದು ಗದರಿಸಿದರೆ ಅದು ಹೆಚ್ಚುವುದು. ಮಾತನ್ನು ಬೇರೆ ಕಡೆಗೆ ತಿರುಗಿಸಿದರೆ ಶಮನವಾಗುವುದು. ತೀವ್ರವಾದರೆ ಔಷಧವೂ ಉಂಟು. ಮತ್ತೆ ಕೆಲವರಲ್ಲಿ ದುಃಖವೂ ಇಲ್ಲದೆ ಸುಖವೂ ಇಲ್ಲದೆ ಬರಿಯ ಜಡತೆಯಿರುತ್ತದೆ. ಇನ್ನು ಕೆಲವರಿಗೆ ಮುಖದ ಸ್ನಾಯುಗಳು ಸೋತು ಭಾವವೇ ಕಾಣದೆ, ಸಂತೋಷವಾಗಿರುವವರೂ ಬೇಸರಗೊಂಡವರಂತೆ ತೋರುವರು. ಇವುಗಳನ್ನು ಬೇರ್ಪಡಿಸಿ ತಿಳಿಯುವುದು ವೈದ್ಯನ ಕೆಲಸ. ಕಂಡದ್ದನ್ನು ವೈದ್ಯನಿಗೆ ತಿಳಿಸುವುದು ಮನೆಯವರ ಕೆಲಸ.

ಮಾತು ಬಾರದವನ ಮನಸ್ಸನ್ನು ತಿಳಿಯುವುದು ಹೇಗೆ? ಇಲ್ಲಿಯೇ ಬಹಳ ಮಂದಿ ಕೈಬಿಟ್ಟುಹೋಗುತ್ತಾರೆ. ಮಾತು ಹೋದವನಿಗೆ ತಿಳಿವಳಿಕೆಯೂ ಹೋಯಿತೆಂದು ಎಣಿಸಿ, ಅವನ ಎದುರಿಗೇ ಅವನನ್ನು ಕುರಿತು ಮಾತನಾಡುವುದು ಕ್ರೂರತನ. ಹೌದು ಅಲ್ಲ ಎಂದು ತಲೆಯಾಡಿಸಿ ಹೇಳಬಹುದಾದ ಚಿಕ್ಕ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಬೇಕು. ನಗುವ ಮುಖ, ಅಳುವ ಮುಖಗಳ ಚಿತ್ರ ಬರೆದು ಬೆರಳಿಟ್ಟು ತೋರಿಸೆನ್ನಬಹುದು. ಉತ್ತರಕ್ಕೆ ಸಾಕಷ್ಟು ಹೊತ್ತು ಕಾಯಬೇಕು. ಅಳು, ಊಟ, ನಿದ್ರೆ, ಜನರಿಂದ ಮುಖ ಮರೆಸುವುದು, ಇವುಗಳನ್ನು ಒಂದು ವಾರ ಗುರುತು ಹಾಕಿಕೊಂಡು ವೈದ್ಯನಿಗೆ ತೋರಿಸಿದರೆ ಅದೇ ದೊಡ್ಡ ಸಹಾಯ.

ಸಾವಿನ ಯೋಚನೆಯ ವಿಷಯವನ್ನು ಕೇಳಲು ಎಲ್ಲರೂ ಅಂಜುತ್ತಾರೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಶಂಕೆ ನಿರಾಧಾರವಾದದ್ದು. "ಬದುಕೂದ ಸಾಕು ಅನಸ್ತೈತೇನ್ರೀ?" ಎಂದು ಮೆಲ್ಲನೆ, ನೇರವಾಗಿ ಕೇಳಿದರೆ ಒಳಗೆ ಒತ್ತಿಟ್ಟುಕೊಂಡವನಿಗೆ ಹಗುರವೇ ಆಗುವುದು. ಹೌದೆಂದರೆ ಅವನನ್ನು ಒಂಟಿಯಾಗಿ ಬಿಡಬಾರದು. ಹೊಲದ ಕ್ರಿಮಿನಾಶಕವನ್ನೂ ಮನೆಯಲ್ಲಿರುವ ಮಾತ್ರೆಗಳನ್ನೂ ಬೀಗದೊಳಗಿಟ್ಟು, ಅಂದೇ ವೈದ್ಯರನ್ನು ಕಾಣಬೇಕು.

ಚಿಕಿತ್ಸೆಯಲ್ಲಿ ಮೊದಲನೆಯದು ಔಷಧ. ಫ್ಲುಯೊಕ್ಸೆಟಿನ್, ಸರ್ಟ್ರಲಿನ್, ಎಸ್ಸಿಟಲೊಪ್ರಾಮ್ ಮೊದಲಾದ ಮಾತ್ರೆಗಳು ಬಳಕೆಯಲ್ಲಿವೆ. ಇವು ಹಗಲೆಲ್ಲ ಮಲಗಿಸುವ ನಿದ್ರೆಯ ಗುಳಿಗೆಗಳಲ್ಲ, ಚಟ ಹಿಡಿಸುವ ವಸ್ತುಗಳೂ ಅಲ್ಲ. ಇವುಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಬೇಕು. ಎಂಟು ದಿನ ನುಂಗಿ "ಏನೂ ಆಗಲಿಲ್ಲ" ಎಂದು ಬಿಡುವವರು ಹಲವರು. ಗುಣವಾದಮೇಲೆಯೂ ಸಾಮಾನ್ಯವಾಗಿ ಆರು ತಿಂಗಳಿಗೆ ಕಡಮೆಯಿಲ್ಲದೆ ಮುಂದುವರಿಸಿ, ಬಳಿಕ ವೈದ್ಯರ ಮಾತಿನಂತೆ ಮೆಲ್ಲಮೆಲ್ಲಗೆ ಇಳಿಸಬೇಕು. ಇವುಗಳಿಗೆ ದೋಷವಿಲ್ಲವೆಂದಲ್ಲ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮುಂತಾದ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧಗಳೊಡನೆ ಸೇರಿದಾಗ ರಕ್ತಸ್ರಾವದ ಭಯ ಸ್ವಲ್ಪ ಹೆಚ್ಚುವುದು; ವೃದ್ಧರಲ್ಲಿ ರಕ್ತದ ಸೋಡಿಯಂ ಇಳಿದು ಮಂಕು ಕವಿಯುವುದುಂಟು. ಆದುದರಿಂದ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳ ಚೀಟಿಯನ್ನೂ ವೈದ್ಯರಿಗೆ ತೋರಿಸತಕ್ಕದ್ದು.

ಹಾಗಾದರೆ ಪಾರ್ಶ್ವವಾಯು ಬಂದ ಪ್ರತಿಯೊಬ್ಬನಿಗೂ ಮುಂಚಿತವಾಗಿಯೇ ಈ ಮಾತ್ರೆಯನ್ನು ಕೊಡಬಾರದೇಕೆ? ಈ ಪ್ರಶ್ನೆಯನ್ನು ವಿದ್ವಾಂಸರು ಪರೀಕ್ಷಿಸಿದ್ದಾರೆ. ೨೦೧೧ರಲ್ಲಿ ಫ್ರಾನ್ಸಿನಲ್ಲಿ ೧೧೮ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಫ್ಲುಯೊಕ್ಸೆಟಿನಿನಿಂದ ಕೈಕಾಲುಗಳ ಚಲನೆಯೇ ಉತ್ತಮವಾಯಿತೆಂದು ತೋರಿ ಬಹಳ ಆಸೆ ಹುಟ್ಟಿತು. ೨೦೧೯ರಲ್ಲಿ ಬ್ರಿಟನ್ನಿನಲ್ಲಿ ೩,೧೨೭ ರೋಗಿಗಳನ್ನು ಕೂಡಿಸಿ, ಅರ್ಧ ಜನಕ್ಕೆ ಆರು ತಿಂಗಳು ಈ ಮಾತ್ರೆಯನ್ನು ಕೊಟ್ಟು ನೋಡಿದ ಪರೀಕ್ಷೆಯ ಫಲ ಹೊರಬಿದ್ದಿತು. ಕೈಕಾಲಿನ ಚೇತರಿಕೆಯಲ್ಲಿ ವ್ಯತ್ಯಾಸವೇನೂ ಇರಲಿಲ್ಲ. ಖಿನ್ನತೆ ಹೊಸದಾಗಿ ಬಂದವರು ನೂರಕ್ಕೆ ಸುಮಾರು ೧೭ ಇದ್ದದ್ದು ೧೩ಕ್ಕೆ ಇಳಿಯಿತು. ಆದರೆ ಮೂಳೆ ಮುರಿದವರು ನೂರಕ್ಕೆ ಒಂದೂವರೆ ಇದ್ದದ್ದು ಸುಮಾರು ಮೂರಾಯಿತು. ೨೦೨೦ರಲ್ಲಿ ಪ್ರಕಟವಾದ ಇನ್ನೆರಡು ಪರೀಕ್ಷೆಗಳಲ್ಲಿಯೂ, ಒಂದು ಸ್ವೀಡನ್ನಿನಲ್ಲಿ, ಇನ್ನೊಂದು ಆಸ್ಟ್ರೇಲಿಯ, ನ್ಯೂಜಿಲೆಂಡ್, ವಿಯೆಟ್ನಾಮ್‌ಗಳಲ್ಲಿ ನಡೆದದ್ದು, ಚಲನೆಗೆ ಲಾಭ ಕಾಣಲಿಲ್ಲ. ಇದರಿಂದ ತಿಳಿಯತಕ್ಕದ್ದೇನೆಂದರೆ, ಖಿನ್ನತೆಯಿರುವವನಿಗೆ ಔಷಧವನ್ನು ಕೊಡಬೇಕು, ಕೊಟ್ಟಾಗ ಅವನು ಬೀಳದಂತೆ ನೋಡಿಕೊಳ್ಳಬೇಕು. ಎಲ್ಲರಿಗೂ ಹಂಚುವ ಪ್ರಸಾದವನ್ನಾಗಿ ಅದನ್ನು ಮಾಡಬಾರದು.

ಎರಡನೆಯದು ಮಾತಿನ ಚಿಕಿತ್ಸೆ. ತರಬೇತಿ ಹೊಂದಿದವರು ರೋಗಿಯೊಡನೆ ಕುಳಿತು, "ಇನ್ನು ಎಲ್ಲ ಮುಗಿಯಿತು" ಎಂಬಂಥ ಯೋಚನೆಗಳನ್ನು ಅವನೇ ಪರೀಕ್ಷಿಸಿ ನೋಡುವಂತೆ ಮಾಡುವುದು. ಎದುರಿಗಿರುವ ತೊಂದರೆಗಳಲ್ಲಿ ಒಂದನ್ನು ಆರಿಸಿ ಅದಕ್ಕೆ ಉಪಾಯ ಹುಡುಕುವುದು. ಬುದ್ಧಿವಾದಕ್ಕೂ ಇದಕ್ಕೂ ಬಹಳ ಅಂತರವುಂಟು. ಬುದ್ಧಿ ಹೇಳುವವನು ತಾನು ಮಾತನಾಡುತ್ತಾನೆ. ಚಿಕಿತ್ಸೆ ಮಾಡುವವನು ರೋಗಿಯ ಮಾತನ್ನು ಕೇಳುತ್ತಾನೆ.

ಮೂರನೆಯದು ಕೆಲಸದ ಚಿಕಿತ್ಸೆ. ಇದು ಮನೆಯಲ್ಲಿಯೇ ನಡೆಯತಕ್ಕದ್ದು. ಮನಸ್ಸು ಬಂದಮೇಲೆ ಕೆಲಸ ಮಾಡೋಣವೆಂದು ಖಿನ್ನನು ಕಾಯುತ್ತಾನೆ. ಈ ರೋಗದಲ್ಲಿ ಮನಸ್ಸು ತಾನಾಗಿ ಬರುವುದಿಲ್ಲ. ಸಣ್ಣ ಕೆಲಸವೊಂದನ್ನು ಮೊದಲು ಮಾಡಿಸಿದರೆ ಅದರ ಹಿಂದೆ ಮನಸ್ಸು ಬರುತ್ತದೆ. ನಮ್ಮ ನೇಕಾರನನ್ನು ಮಗ್ಗಕ್ಕೆ ಹತ್ತಿಸುವ ಮಾತು ಈಗ ಬೇಡ. ಮೊದಲ ವಾರ ದಿನಕ್ಕೆ ಹತ್ತು ನಿಮಿಷ ಮಗ್ಗದ ಪಕ್ಕದಲ್ಲಿ ಕುಳಿತು, ಅಂಚಿಗೆ ಯಾವ ಬಣ್ಣ ಹಾಕಬೇಕೆಂದು ಮಗನಿಗೆ ಬೆರಳಿನಿಂದ ತೋರಿಸಲಿ. ಎರಡನೆಯ ವಾರ ಕಂಡಿಕೆ ಸುತ್ತುವಾಗ ಹೆಂಡತಿ ಎಳೆ ಹಿಡಿಯಲಿ, ಇವನು ಎಡಗೈಯಿಂದ ರಾಟೆ ತಿರುಗಿಸಲಿ. ಆಮೇಲೆ ಸೋತ ಬಲಗೈಯಿಂದ ಕಂಡಿಕೆಗಳನ್ನು ಬುಟ್ಟಿಗೆ ಹಾಕಲಿ. ಐದು ಹಾಕಿದರೆ ಐದೆಂದು ಗೋಡೆಯ ಮೇಲೆ ಗೀರು ಎಳೆಯಲಿ. ಕೆಲಸವು ಅವನಿಗೆ ಬೇಕಾದದ್ದಾಗಿರಬೇಕು, ಇವತ್ತು ಆಗುವಷ್ಟೇ ಇರಬೇಕು, ಆದದ್ದು ಕಣ್ಣಿಗೆ ಕಾಣಬೇಕು. ಮಕ್ಕಳಿಗೆ ಹೇಳುವಂತೆ ಅವನನ್ನು ಹೊಗಳಬಾರದು. ಮನೆಯ ಲೆಕ್ಕ, ನೂಲಿನ ಖರೀದಿ, ಮದುವೆಯ ಮಾತು, ಇವುಗಳಲ್ಲಿ ಮೊದಲಿನಂತೆ ಅವನ ಅಭಿಪ್ರಾಯವನ್ನು ಕೇಳಬೇಕು. ವೈದ್ಯರು ಒಪ್ಪಿದಷ್ಟು ನಡಿಗೆ, ಹಗಲಿನ ಬೆಳಕು, ಗೊತ್ತಾದ ಹೊತ್ತಿಗೆ ಊಟ ನಿದ್ರೆ, ಮದ್ಯವನ್ನು ಬಿಡುವುದು, ಇವೂ ಮದ್ದೇ.

ಇಷ್ಟನ್ನೂ ಮನೆಯವರ ತಲೆಯ ಮೇಲೆಯೇ ಹಾಕಿ ಕೈತೊಳೆದುಕೊಳ್ಳಬಹುದೆಂದು ಯಾರೂ ತಿಳಿಯಬಾರದು. ನಮ್ಮ ದೇಶದ ೧೪ ಆಸ್ಪತ್ರೆಗಳ ೧,೨೫೦ ರೋಗಿಗಳಲ್ಲಿ, ಮನೆಯವರಿಗೆ ಹೇಳಿಕೊಟ್ಟು ಅವರಿಂದಲೇ ವ್ಯಾಯಾಮ ಮಾಡಿಸುವ ಪದ್ಧತಿಯನ್ನು ಪರೀಕ್ಷಿಸಿದ ಫಲ ೨೦೧೭ರಲ್ಲಿ ಪ್ರಕಟವಾಯಿತು. ಆರು ತಿಂಗಳ ಕೊನೆಗೆ ಮರಣವಾಗಲಿ ಪರಾವಲಂಬನೆಯಾಗಲಿ ಅದರಿಂದ ಕಡಮೆಯಾಗಿರಲಿಲ್ಲ. ಮನೆಯವರ ಪ್ರೀತಿಯು ಬೇಕೇ ಬೇಕು. ನುರಿತವರ ಸ್ಥಾನವನ್ನು ಅದು ತುಂಬಲಾರದು. ಅಲ್ಲದೆ ನೋಡಿಕೊಳ್ಳುವವಳೂ ಮನುಷ್ಯಳೇ. ರಾತ್ರಿ ನಾಲ್ಕು ಸಲ ಎದ್ದು, ಹಗಲು ರಾಟೆ ತಿರುಗಿಸಿ, ಕಣ್ಣೀರನ್ನು ಅಡಿಗೆಯ ಮನೆಯಲ್ಲಿ ಒರಸಿಕೊಳ್ಳುವ ಹೆಂಡತಿಗೂ ಖಿನ್ನತೆ ಬರುವುದು ಅಪರೂಪವಲ್ಲ. ವಾರಕ್ಕೊಂದು ದಿನವಾದರೂ ಬೇರೊಬ್ಬರು ಅವಳ ಕೆಲಸವನ್ನು ವಹಿಸಿಕೊಂಡು ಅವಳಿಗೆ ಬಿಡುವು ಕೊಡುವುದು ಚಿಕಿತ್ಸೆಯ ಭಾಗವೇ ಸರಿ.

ಎಲ್ಲಿಗೆ ಹೋಗಬೇಕು? "ಹುಚ್ಚರ ದವಾಖಾನಿಗೆ ನಾ ಯಾಕ ಬರ್ಲಿ" ಎಂಬ ಸಂಕೋಚಕ್ಕೆ ಈಗ ಕಾರಣವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೧೯೮೫ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಕೆಲಸ ಮಾಡಿ, ಪ್ರಾಥಮಿಕ ಆರೋಗ್ಯಕೇಂದ್ರದ ವೈದ್ಯರೇ ತರಬೇತಿ ಪಡೆದು ಸಾಮಾನ್ಯವಾದ ಮನೋರೋಗಗಳಿಗೆ ಚಿಕಿತ್ಸೆ ನಡೆಸಬಲ್ಲರೆಂದು ತೋರಿಸಿಕೊಟ್ಟಿತು. ಆ ಮಾದರಿಯ ಮೇಲೆ ೧೯೯೬ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಹಬ್ಬಿತು. ಮೊದಲು ಪಾರ್ಶ್ವವಾಯುವಿಗೆ ಚಿಕಿತ್ಸೆ ಮಾಡಿದ ವೈದ್ಯರಿಗೇ ಹೇಳಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಕ್ಕುವ ದಿನವನ್ನು ವಿಚಾರಿಸಿಕೊಳ್ಳಬಹುದು. ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯುಂಟು. ಮನೆಬಿಟ್ಟು ಹೊರಡಲಾರದವರಿಗೆ ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯಿದೆ. ೧೪೪೧೬ಕ್ಕೆ ಹಗಲಿರುಳು ಯಾವ ಹೊತ್ತಿಗಾದರೂ ಕರೆಮಾಡಿ, ಹಣವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಕೊನೆಗೆ ಮಹಾಕೂಟದ ಮೆಟ್ಟಿಲಿಗೆ ಮರಳೋಣ. ಆ ನೀರಿನಲ್ಲಿ ಮಿಂದರೆ ಪಾರ್ಶ್ವವಾಯು ಹೋಗುವುದೆಂದು ನಾವು ಹೇಳುವುದಿಲ್ಲ. ಪಾರಿವಾಳದ ರಕ್ತವನ್ನು ತಿಕ್ಕಿ ಹೊತ್ತು ಕಳೆಯುವ ರೂಢಿಯನ್ನು ಒಪ್ಪುವುದೂ ಇಲ್ಲ. ಆದರೆ ಮಹಾಕೂಟಕ್ಕೆ ಹೋಗಬೇಕೆಂಬ ಆಸೆ ನಮ್ಮ ನೇಕಾರನ ಮನಸ್ಸಿನಲ್ಲಿ ಹುಟ್ಟಿತೆಂದರೆ ಅದನ್ನು ಔಷಧದಷ್ಟೇ ಜೋಪಾನವಾಗಿ ಕಾಪಾಡಬೇಕು. ಈ ತಿಂಗಳು ಅಂಗಳ, ಮುಂದಿನ ತಿಂಗಳು ಓಣಿಯ ತುದಿ, ಅದರ ಮುಂದೆ ಬಂಡಿಯಲ್ಲೋ ಮೋಟಾರಿನಲ್ಲೋ ಮಹಾಕೂಟ. ಅಲ್ಲಿ ಒದ್ದೆಗಲ್ಲಿನ ಮೇಲೆ ಅವಸರ ಬೇಡ. ಸೋತ ಬಲಮಗ್ಗುಲಲ್ಲಿ ಮಗನು ನಿಂತು ಆಸರೆ ಕೊಡಲಿ. ಇಳಿಯುವಾಗ ಸೋತ ಕಾಲು ಮೊದಲು, ಏರುವಾಗ ಗಟ್ಟಿಯಾದ ಕಾಲು ಮೊದಲು. ಮೊದಲ ಸಲ ಮೇಲಿನ ಮೆಟ್ಟಿಲಿನಲ್ಲಿ ಕುಳಿತು, ತಂಬಿಗೆಯಲ್ಲಿ ತಂದ ನೀರನ್ನು ತಲೆಗೆ ತಳಿದುಕೊಂಡರೂ ಸಾಕು. ಎರಡನೆಯ ಸಲ ಒಂದು ಮೆಟ್ಟಿಲು ಕೆಳಗೆ ಇಳಿದಾನು. ಮೂರನೆಯ ತಿಂಗಳಿನಲ್ಲಿ ಗೋಡೆಯ ಕಡೆಗೆ ತಿರುಗಿದ ಮುಖವನ್ನು ಕಂಡ ದಿನವೇ ಯಾರಾದರೂ "ಇದು ರೋಗ, ಇದಕ್ಕೆ ಮದ್ದುಂಟು" ಎಂದು ಹೇಳಿದರೆ, ಆ ಮೆಟ್ಟಿಲಿನವರೆಗೆ ಅವನು ಬಂದು ಮುಟ್ಟುವುದು ಸಾಧ್ಯ.